ಮಾದೇವಕ್ಕನ ಕೆಂಪು, ರಾಜುವಿನ ನೀಲಿ

ಮಸಿನಗುಡಿಯ ಮಾದೇವಕ್ಕನಷ್ಟು ಫುಟ್‌ಬಾಲ್ ಹುಚ್ಚಿರುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಆಕೆ ಒಂದು ಪಂದ್ಯವನ್ನೂ ಕಣ್ಣಿಂದ ನೋಡಿದವಳಲ್ಲ. ತನ್ನ ಮೆಸ್ಸಿನ ಗೋಡೆಗೆ ತಾನೇ ಹಾಕಿಸಿದ ಟಿ.ವಿ.ಗೆ ಬೆನ್ನು ಮಾಡಿ, ಕೈಯಲ್ಲಿ ಸೌಟು ಹಿಡಿದು, ಬೆಂಚಿನ ಮೇಲೆ ಕೂತ ನಮ್ಮ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ತಾನು ನೋಡಿದರೆ ತನ್ನ ತಂಡ ಸೋಲುತ್ತದೆ ಎಂಬುದು ಆಕೆಯ ನಂಬಿಕೆ. ಯಾರ ಹುಬ್ಬು ಮೇಲೇರಿತು, ಯಾರ ಬಾಯಿ ತೆರೆದುಕೊಂಡಿತು ಎಂಬುದರಲ್ಲೇ ಇಡೀ ಆಟ ತಿಳಿದುಕೊಳ್ಳುತ್ತಿದ್ದಳು. "ಏನ್ಲಾ, ಕಾರ್ನರಾ?" ಎಂದು ಕೇಳಿದಳೆಂದರೆ ಅದು ಕಾರ್ನರೇ ಆಗಿರುತ್ತಿತ್ತು.

ನನ್ನ ಮೊಬೈಲ್ ಅಂಗಡಿ ಆಕೆಯ ಮೆಸ್ಸಿನ ಪಕ್ಕದ್ದು. ನನಗೆ ಹೆತ್ತವರಿಟ್ಟ ಹೆಸರಿದೆ, ಆದರೆ ಆಕೆ ಕೊನೆಯವರೆಗೂ ಕರೆದದ್ದು "ಮೊಬೈಲು" ಎಂದೇ. ಮಾದೇವಕ್ಕನ ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ನೆಲೆಯೂರಿದವರು. ಮೆಸ್ಸಿಗೆ ಬರುವವರು ಹೆಚ್ಚಾಗಿ ಪ್ರವಾಸಿಗರನ್ನು ಸುತ್ತಾಡಿಸುವ ಜೀಪ್ ಡ್ರೈವರುಗಳು. ಅವರಲ್ಲಿ ಒಬ್ಬ ಆಕೆಯ ತಮ್ಮ ರಾಜು, ಬೊಕ್ಕಾಪುರದ ರಸ್ತೆಯಲ್ಲಿ ಮನೆ ಮಾಡಿಕೊಂಡಿದ್ದವನು. ಗೂಡಲೂರಿನ ಗೆಳೆಯರ ಸಹವಾಸದಿಂದ ಇಂಗ್ಲೆಂಡಿನ ಫುಟ್‌ಬಾಲ್ ಅಂಟಿಸಿಕೊಂಡು ಬಂದವನು ಅವನೇ. ಮ್ಯಾಂಚೆಸ್ಟರಿನಲ್ಲಿ ಎರಡು ತಂಡಗಳಿವೆ, ಒಂದು ಕೆಂಪು, ಒಂದು ನೀಲಿ ಎಂದು ಅವನು ವಿವರಿಸಿದಾಗ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ.

"ನಿಂದ್ಯಾವುದ್ಲಾ?"

"ನೀಲಿ."

"ಹಂಗಾದ್ರೆ ನಂಗೆ ಇನ್ನೊಂದು."

ಇಷ್ಟರಲ್ಲಿ ಮುಗಿಯಿತು ಆಕೆಯ ಆಯ್ಕೆ. ಅಂದಿನಿಂದ ಕೆಂಪು ತಂಡದವರು "ನಮ್ಮೋರು". ಮಂಗಳವಾರ ಸಾರಿಗೆ ಉಪ್ಪು ಹೆಚ್ಚಾದರೆ ಶನಿವಾರ ನಮ್ಮೋರು ಸೋತಿದ್ದಾರೆಂದು ಲೆಕ್ಕ. ಅಷ್ಟು ದೂರದ ಊರಿನವರಿಗಾಗಿ ಇಲ್ಲಿ ಒಡಹುಟ್ಟಿದವರೇಕೆ ಕಚ್ಚಾಡಬೇಕು ಎಂದು ನಾನೊಮ್ಮೆ ಬುದ್ಧಿ ಹೇಳಲು ಹೋದೆ. ಮಾದೇವಕ್ಕ ನನ್ನನ್ನು ಕನಿಕರದಿಂದ ನೋಡಿದಳು.

"ಮೊಬೈಲೂ, ಬ್ಯಾರೆ ಊರೋರ ಜೊತೆ ಜಗಳ ಆಡದ್ರಲ್ಲಿ ಏನ್ ಸುಖ ಅದೆ? ಒಂದೇ ಊರು, ಎಲ್ಡು ಬಣ್ಣ. ಬೆಳಗೆದ್ದು ಅದೇ ಮುಖ ನೋಡ್ಬೇಕು. ಅದು ಕಣಪ್ಪಾ ಜಗಳ ಅಂದ್ರೆ."

ಯಾವ ಟಿ.ವಿ. ಪಂಡಿತನೂ ನನಗೆ ಇದಕ್ಕಿಂತ ಚೆನ್ನಾಗಿ ಹೇಳಿಕೊಟ್ಟಿಲ್ಲ. ಒಮ್ಮೆ ರಾಜು ತನ್ನ ಜೀಪಿನಲ್ಲಿ ಮ್ಯಾಂಚೆಸ್ಟರಿನವನನ್ನೇ ಊಟಕ್ಕೆ ಕರೆತಂದ. ಅಕ್ಕ ಮುದ್ದೆ ಕಟ್ಟುವುದನ್ನು ಬಿಟ್ಟು ಬಂದು, ಕೆಂಪೋ ನೀಲಿಯೋ ಕೇಳು ಎಂದು ನನಗೆ ಅಪ್ಪಣೆ ಮಾಡಿದಳು. ಆ ಮನುಷ್ಯ ನಕ್ಕು, ತಾನು ಫುಟ್‌ಬಾಲ್ ನೋಡುವುದೇ ಇಲ್ಲ, ಹಕ್ಕಿಗಳನ್ನು ನೋಡುತ್ತೇನೆ ಎಂದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಕ್ಕನಿಗೆ ನಂಬಲಾಗಲಿಲ್ಲ. "ಪಾಪ, ಅದ್ಕೇ ಊರು ಬುಟ್ಟು ಬಂದವ್ನೆ" ಎಂದು ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಮೆಸ್ಸಿನಲ್ಲಿ ಆಕೆಯದೊಂದು ಕಟ್ಟಳೆಯಿತ್ತು. ಪಂದ್ಯದ ದಿನ ಒಳಗೆ ಬರುವ ಡ್ರೈವರುಗಳೆಲ್ಲ ಜೀಪಿನ ಕೀಯನ್ನು ಗಲ್ಲಾಪೆಟ್ಟಿಗೆಯ ಮೇಲಿನ ಸ್ಟೀಲ್ ಡಬ್ಬಿಗೆ ಹಾಕಬೇಕು. ಆಟ ಮುಗಿದ ಮೇಲೆ ಗೆದ್ದವರೂ ಸೋತವರೂ ಊಟ ಮಾಡಿ, ಒಂದೇ ಜೀಪಿನಲ್ಲಿ ಬೆರೆತು ಕೂತು ಹೊರಡಬೇಕು. ಕತ್ತಲಾದ ಮೇಲೆ ನಮ್ಮ ರಸ್ತೆಗಳು ಆನೆಯವು. ಸಿಟ್ಟಿನಲ್ಲಿ ಒಬ್ಬೊಬ್ಬನೇ ಹೋಗಬಾರದು ಎಂಬುದಕ್ಕೇ ಆ ಡಬ್ಬಿ. ಬೈಯುತ್ತಲೇ ಎಲ್ಲರೂ ಅದನ್ನು ಪಾಲಿಸುತ್ತಿದ್ದರು.

ಆ ಶನಿವಾರ ಕೆಂಪು ನೀಲಿಗಳ ಪಂದ್ಯ. ಚಳಿಗಾಲ, ಅಲ್ಲಿ ಮಧ್ಯಾಹ್ನದ ಆಟ ನಮಗೆ ಸಂಜೆಯದು. ಒಂದೊಂದು ಗೋಲಿಗೆ ಸಮವಾಗಿ ಆಟ ಮುಗಿಯುತ್ತಾ ಬಂದಿತ್ತು. ಕೊನೆಯ ಗಳಿಗೆಯಲ್ಲಿ ಕೆಂಪಿನವನೊಬ್ಬ ಚೆಂಡನ್ನು ಒಳಗೆ ತಳ್ಳಿದ. ರಾಜು ಬೆಂಚಿನ ಮೇಲೆ ಹತ್ತಿ "ಆಫ್‌ಸೈಡು, ಆಫ್‌ಸೈಡು, ಗೋಲು ಲೆಕ್ಕಕ್ಕಿಲ್ಲ" ಎಂದು ಕೂಗಿದ. ಅಲ್ಲಿನ ತೀರ್ಪುಗಾರರು ತೆರೆಯ ಮೇಲೆ ಗೆರೆ ಎಳೆದು ಎಳೆದು ನೋಡಿದರು. ಅಷ್ಟು ಹೊತ್ತೂ ಅಕ್ಕ ತಮ್ಮನ ಮುಖದಿಂದ ಕಣ್ಣು ಕೀಳಲಿಲ್ಲ. ಗೋಲು ಎಂದು ತೀರ್ಪು ಬಂತು.

"ರಾಜಾ, ಆ ನೀಲಿ ಅಂಗಿ ಬಿಚ್ಚಿ ಕೊಡ್ಲಾ, ಒಲೆ ಒರ್ಸಕ್ಕೆ ಬಟ್ಟೆ ಇಲ್ಲ" ಎಂದಳು ಅಕ್ಕ.

ಎಲ್ಲರೂ ನಕ್ಕರು. ರಾಜು ನಗಲಿಲ್ಲ. "ಕೀ ಕೊಡು" ಎಂದ.

"ಉಂಡು ಹೋಗೀಯಂತೆ, ಕೂತ್ಕೊ."

"ಕೊಡಕ್ಕ, ಸುಮ್ಕೆ."

"ಕೊಡಲ್ಲ."

ಅವನು ಹೊರಗೆ ಹೋದ. ಜಗಲಿಯ ಮೇಲೆ ಕೂತಿರುತ್ತಾನೆ ಎಂದು ನಾವೆಲ್ಲ ಅಂದುಕೊಂಡೆವು. ಅಕ್ಕನಿಗಂತೂ ಕಾಲು ನೆಲದ ಮೇಲಿರಲಿಲ್ಲ. ಹಿತ್ತಲ ಬಾಳೆಗೆ ಆನೆ ಬಂದಾಗ ಹೆದರಿಸಲೆಂದು ಅಟ್ಟದ ಮೇಲಿಟ್ಟಿದ್ದ ಪಟಾಕಿ ಇಳಿಸಿ, ತಾನೇ ಹಿತ್ತಲಿಗೆ ಹೋಗಿ ಕಡ್ಡಿ ಗೀರಿದಳು. ಆನೆ ಓಡಿಸುವ ಪಟಾಕಿಯನ್ನು ಗೋಲಿಗೆ ಹೊಡೆದದ್ದು ಅದೇ ಮೊದಲು. ಪಾತ್ರೆಗಳೆಲ್ಲ ಅದುರಿದವು. ಆ ಸದ್ದು ಅಡಗುವ ಮೊದಲೇ ಬಾಳೆಯ ಆಚೆ, ಲಂಟಾನದ ಪೊದೆಯೊಳಗಿಂದ ಆನೆ ಘೀಳಿಟ್ಟಿತು. ಕಡ್ಡಿಗಳು ಲಟಲಟನೆ ಮುರಿದವು. ಆ ಸದ್ದು ಹಳ್ಳದ ಗುಂಟ ಬೊಕ್ಕಾಪುರದ ರಸ್ತೆಯ ಕಡೆಗೆ ಸರಿಯಿತು.

ಅಕ್ಕ ಒಳಗೆ ಬಂದು ನಮ್ಮ ಮುಖಗಳನ್ನೆಲ್ಲ ಒಮ್ಮೆ ನೋಡಿದಳು.

"ರಾಜ ಎಲ್ಲಿ?"

ಜಗಲಿ ಖಾಲಿಯಿತ್ತು. ಅವನ ಜೀಪು ನಿಂತಲ್ಲೇ ನಿಂತಿತ್ತು. ಕೀ ಡಬ್ಬಿಯಲ್ಲೇ ಇತ್ತು. ಅವನು ನಡೆದುಕೊಂಡೇ ಹೋಗಿದ್ದ.

ಗೂಡಲೂರಿನ ಅಬು ಎಂಬ ಡ್ರೈವರು ತನ್ನ ಜೀಪು ತೆಗೆದ. ಅಕ್ಕ ಮುಂದೆ ಹತ್ತಿದಳು, ನಾನು ಹಿಂದೆ. ಸೌಟು ಇನ್ನೂ ಆಕೆಯ ಕೈಯಲ್ಲೇ ಇತ್ತು. ತಿರುವು ದಾಟುತ್ತಲೇ ಅಬು ಬ್ರೇಕ್ ಒತ್ತಿ ಎಂಜಿನ್ ಆರಿಸಿದ. ದೀಪದ ಬೆಳಕಿನ ತುದಿಯಲ್ಲಿ ರಸ್ತೆಗೆ ಅಡ್ಡವಾಗಿ ಒಂಟಿ ಸಲಗ ನಿಂತಿತ್ತು, ಮೋರಿಯ ಮೇಲೆ. ಅದರ ಈಚೆಗೆ ರಾಜುವಿನ ಒಂದು ಚಪ್ಪಲಿ ಬಿದ್ದಿತ್ತು.

"ಮಿಂಡಾದೆ ಇರಿ ಚೇಚೀ, ಮಾತು ಬೇಡ" ಎಂದು ಅಬು ತನ್ನ ಮಲಯಾಳ ಬೆರೆಸಿ ಅಕ್ಕನಿಗೆ ಪಿಸುಗುಟ್ಟಿದ.

ಆನೆ ಸೊಂಡಿಲನ್ನು ಮೋರಿಯ ಬಾಯಿಗೆ ಇಳಿಬಿಟ್ಟು ಮೂಸುತ್ತಿತ್ತು. ರಾಜು ಆ ಮೋರಿಯೊಳಗೆ ನುಸುಳಿದ್ದಾನೆ ಎಂದು ನಮಗೆ ಆಗ ಗೊತ್ತಾಯಿತು. ಇದ್ದಾನೋ ಇಲ್ಲವೋ ತಿಳಿಯಲು ನಾನು ಅವನಿಗೆ ಫೋನ್ ಮಾಡಹೊರಟೆ. ಅಕ್ಕ ಹಿಂದೆ ತಿರುಗಿ ನನ್ನ ಮಣಿಕಟ್ಟು ಹಿಡಿದಳು.

"ಬ್ಯಾಡ. ಅದು ಕೂಗ್ಕತದೆ."

ನಿಜ. ನೀಲಿಯವರು ಮೈದಾನದಲ್ಲಿ ಬೊಬ್ಬೆ ಹೊಡೆಯುವ ಸದ್ದೇ ಅವನ ರಿಂಗ್‌ಟೋನು. ಆಗ ನನಗೆ ಇನ್ನೊಂದು ವಿಷಯ ಹೊಳೆಯಿತು. ನೀಲಿ ಸೋತ ದಿನ ಗೂಡಲೂರಿನ ಕೆಂಪಿನವರೆಲ್ಲ ಸಾಲಾಗಿ ರಾಜುವಿಗೆ ಫೋನ್ ಮಾಡಿ ರೇಗಿಸುವುದು ವಾಡಿಕೆ. ಇಷ್ಟು ಹೊತ್ತಿಗೆ ಶುರುವಾಗಬೇಕಿತ್ತು. ಅವರೆಲ್ಲ ಇದ್ದ ನಮ್ಮ ವಾಟ್ಸಾಪ್ ಗುಂಪಿಗೆ, ರಾಜುಗೆ ಯಾರೂ ಫೋನ್ ಮಾಡಬೇಡಿ, ಅವನ ಪಕ್ಕದಲ್ಲಿ ಆನೆ ಇದೆ, ಎಂದು ಬರೆದೆ. ಬರೆದ ಮೇಲೆ ಇನ್ನೂ ಹೆದರಿದೆ. ಸೋತವರು ಹೇಳುವ ನೆಪ ಇದು ಎಂದುಕೊಂಡು ಎಲ್ಲರೂ ಒಟ್ಟಿಗೇ ಫೋನ್ ಮಾಡಿಬಿಟ್ಟರೆ?

ಆನೆ ಕಾಲಿಂದ ಮೋರಿಯ ಅಂಚಿನ ಕಲ್ಲು ಕೆದಕಿತು. ಒಂದು ಕಲ್ಲು ಹಳ್ಳಕ್ಕೆ ಉರುಳಿತು. ಅಬು ಬೇಡವೆಂದರೂ ಅಕ್ಕ ಮಾತಾಡತೊಡಗಿದಳು. ಕೂಗಲಿಲ್ಲ, ಊಟಕ್ಕೆ ಕೂತವರ ಹತ್ತಿರ ಆಡುವ ದನಿಯಲ್ಲೇ ಆಡಿದಳು.

"ಹೋಗು ಸ್ವಾಮಿ. ನಿಂಗೆ ಪಟಾಕಿ ಹೊಡ್ದೋಳು ನಾನು. ಅವ್ನಲ್ಲ. ಅವ್ನು ಏನೂ ಮಾಡಿಲ್ಲ. ಸಿಟ್ಟಿದ್ರೆ ನನ್ ಮ್ಯಾಲಿರ್ಲಿ, ನನ್ ಬಾಳೆ ಎಲ್ಲಾ ತಿಂದ್ಕೊ. ಅವನ್ನ ಬುಟ್ಬುಡು."

ಮತ್ತೆ ಮತ್ತೆ ಅದನ್ನೇ ಹೇಳಿದಳು. ಆನೆಗೆ ಅರ್ಥವಾಯಿತೆಂದು ನಾನು ಹೇಳಲಾರೆ. ಅದು ಕಿವಿ ಬೀಸುತ್ತಾ ಬಹಳ ಹೊತ್ತು ನಿಂತು, ಕೊನೆಗೆ ಬೇಸರ ಬಂದಂತೆ ತಿರುಗಿ ಕಾಡಿಗೆ ಇಳಿಯಿತು. ಕಡ್ಡಿ ಮುರಿಯುವ ಸದ್ದು ದೂರವಾಗುವವರೆಗೆ ಯಾರೂ ಅಲುಗಲಿಲ್ಲ. ಅವನ ಫೋನ್ ಒಮ್ಮೆಯೂ ಕೂಗಲಿಲ್ಲ. ಗೂಡಲೂರಿನ ಆ ಪೋಕರಿಗಳು, ವರ್ಷವಿಡೀ ಅವನ ಜೀವ ಹಿಂಡುವವರು, ಅಂದು ಒಬ್ಬನೂ ಫೋನ್ ಮುಟ್ಟಿರಲಿಲ್ಲ. ಅವರ ಮೇಲೆ ನನಗೆ ಅಂದಿನಿಂದ ಹುಟ್ಟಿದ ಪ್ರೀತಿ ಇನ್ನೂ ಇದೆ.

ರಾಜು ಮೋರಿಯಿಂದ ತೆವಳಿ ಬಂದ. ನೀಲಿ ಅಂಗಿ ಕೆಸರಿನಲ್ಲಿ ಯಾವ ಬಣ್ಣವೂ ಅಲ್ಲದಂತಾಗಿತ್ತು. ಅಕ್ಕ ಓಡಿಹೋಗಿ ಅವನ ತಲೆ, ಭುಜ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಅವನು ಬಾಯಿಬಿಟ್ಟು ಹೇಳಿದ ಮೊದಲ ಮಾತು ಇದು:

"ಅದು ಆಫ್‌ಸೈಡೇ ಕಣಕ್ಕ."

"ಆಯ್ತು ಕಣಪ್ಪ" ಎಂದಳು ಮಾದೇವಕ್ಕ. "ಆಫ್‌ಸೈಡೇ."

ಯಾರ ಮುಂದೆಯೂ ಒಂದು ಕಾರ್ನರನ್ನೂ ಬಿಟ್ಟುಕೊಡದ ಹೆಂಗಸು ಗೋಲನ್ನೇ ಬಿಟ್ಟುಕೊಟ್ಟಿದ್ದಳು. ರಾಜು ಅದನ್ನು ವರ್ಷಗಟ್ಟಲೆ ಮೆರೆಸಿದ. ಯಾರಾದರೂ ಆ ಪಂದ್ಯದ ಮಾತೆತ್ತಿದರೆ ಸಾಕು, "ನಮ್ಮಕ್ಕನೇ ಒಪ್ಕಂಡವ್ಳೆ" ಎನ್ನುತ್ತಿದ್ದ. ಅಕ್ಕ ತುಟಿ ಬಿಗಿದು ಸಾರು ಕಲಕುತ್ತಿದ್ದಳು. ಅದಾದ ಮೇಲೆ ಗೋಲಿಗೆ ಪಟಾಕಿ ಹೊಡೆಯಲಿಲ್ಲ. ಪಂದ್ಯದ ದಿನ ರಾಜು ಎದ್ದು ಹೊರಗೆ ಹೋದರೆ, ಮೂತ್ರಕ್ಕೆ ಹೋದರೂ, ಅವನು ಮರಳುವವರೆಗೆ ಬಾಗಿಲಲ್ಲೇ ನಿಂತಿರುತ್ತಿದ್ದಳು.

ಹೋದ ಮಳೆಗಾಲದಲ್ಲಿ ಅಕ್ಕನ ಹೃದಯ ಕೈಕೊಟ್ಟಿತು. ಊಟಿಯ ಆಸ್ಪತ್ರೆಯಿಂದ ಆಕೆ ಮತ್ತೆ ಮಸಿನಗುಡಿಗೆ ಬರಲಿಲ್ಲ. ತೀರಿಕೊಳ್ಳುವ ಹಿಂದಿನ ದಿನ ನಾನು ಅಲ್ಲಿಗೆ ನೋಡಲು ಹೋಗಿದ್ದೆ. ರಾಜು ಮಂಚದ ಪಕ್ಕ ಕೂತಿದ್ದ. ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ಅವನು ಬಹಳ ಹೊತ್ತು ಹೊದಿಕೆಯ ಅಂಚನ್ನು ಮಡಿಸುತ್ತಾ ಬಿಡಿಸುತ್ತಾ ಇದ್ದು, ಬಗ್ಗಿ ಹೇಳಿದ.

"ಅಕ್ಕ, ಅವತ್ತು ಅದು ಆಫ್‌ಸೈಡ್ ಆಗಿರ್ಲಿಲ್ಲ. ನಂಗೆ ಅವತ್ತೇ ಗೊತ್ತಿತ್ತು."

ಅಕ್ಕ ಕಣ್ಣು ತೆರೆದಳು. ಆ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಯಾವ ಗೋಲಿಗೂ ಕಂಡಿರಲಿಲ್ಲ.

"ಜೋರಾಗಿ ಹೇಳ್ಲಾ" ಎಂದಳು. "ಆ ಕಡೆ ಮಂಚದೋರ್ಗೂ ಕೇಳ್ಲಿ."

ರಾಜು ಎದ್ದು ನಿಂತ. ಅಳುತ್ತಾ, ಇಡೀ ವಾರ್ಡು ತಿರುಗಿ ನೋಡುವಂತೆ ಕೂಗಿ ಹೇಳಿದ: "ಅದು ಗೋಲು. ನಮ್ಮಕ್ಕನ ಕಡೆಯೋರು ಗೆದ್ರು."