ಎಲೆಅಡಿಕೆ ಬಣ್ಣದ ಹಲ್ಲು

ಶಿರಾದಿಂದ ಬೆಳಗಿನ ಮೊದಲ ಬಸ್ಸು ಹೊರಡುವ ಹೊತ್ತು. ನಸ್ರುಲ್ಲಾ ಸಾಬರ ಒಲೆಯ ಮೇಲೆ ಪಾತ್ರೆ ಕುದಿಯುತ್ತಿದೆ. ಒಳಗಿರುವುದು ಚಹಾ ಅಲ್ಲ. ದೊಡ್ಡೇರಿಯ ಕರಿಬಸಮ್ಮನ ಹಲ್ಲು.

ಕಟ್ಟುಹಲ್ಲಿಗೆ ಬೇಕಾದ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪುಡಿಗೆ ಅದರದೇ ಒಂದು ದ್ರವ ಬೆರೆಸಿದರೆ ಮೊದಲು ಒದ್ದೆ ಮರಳಿನಂತಿರುತ್ತದೆ. ಆಮೇಲೆ ಜೇನಿನಂತೆ ಎಳೆ ಬಿಟ್ಟು, ಕೊನೆಗೆ ಕೈಗಂಟದ ಮುದ್ದೆಯಾಗುತ್ತದೆ. ಆ ಹದದಲ್ಲೇ ಅಚ್ಚಿಗೆ ತುಂಬಿ ಬೇಯಿಸಬೇಕು. ಅದೇ ಗಟ್ಟಿ ವಸಡು. ಬಿಸಿಲೇರಿದರೆ ಅಚ್ಚು ಸೇರುವ ಮೊದಲೇ ಬಿಗಿದುಬಿಡುತ್ತದೆ. ಅದಕ್ಕೇ ಸಾಬರಿಗೆ ನಸುಕಿನ ತಂಪೇ ಬೇಕು.

“ನಮ್ಮನೇಲಿ ದಿನಾ ಎರಡು ಮುದ್ದೆ,” ಎಂದು ಹೆಂಡತಿ ಗೌಹರ್ ನಗುತ್ತಾರೆ. “ಒಂದು ತಿನ್ನಾಕೆ, ಒಂದು ತಿನ್ಸಾಕೆ.”

ಬೆಂಗಳೂರು ದಂಡಿನ ಹಲ್ಲಿನ ವೈದ್ಯರೊಬ್ಬರ ಬಳಿ ಸಾಬರು ಕೆಲಸ ಕಲಿಯುವಾಗ ವಸಡು ಕಟ್ಟುತ್ತಿದ್ದದ್ದು ಕರಿಗೆಂಪು ರಬ್ಬರಿನಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಪುಡಿ ಬಂತು. ದ್ರವದ ಘಾಟಿಗೆ ಸಾಬರ ತಲೆ ಸಿಡಿಯುತ್ತದೆ, ಕಣ್ಣು ಉರಿಯುತ್ತದೆ. ಆದರೂ ಪಾವಗಡ, ಮಧುಗಿರಿಗಳ ಬೊಚ್ಚುಬಾಯಿಗಳೆಲ್ಲ ಹುಡುಕಿಕೊಂಡು ಬರುವುದು ಇದೇ ಜಗಲಿಗೆ.

ಕರಿಬಸಮ್ಮನ ವಿಷಯದಲ್ಲಿ ಮಾತ್ರ ಸಾಬರು ಎಡವಿದ್ದಾರೆ. ಹೋದ ತಿಂಗಳು ಪೇಟೆಯವರಿಗೆ ಮಾಡುವಂತೆ ಸಾಲಾಗಿ ಬೆಳ್ಳಗಿನ ಹಲ್ಲು ಕೂರಿಸಿ ಕಳಿಸಿದರು. ಬೀದಿಯ ಹೆಂಗಸರು, “ಯಾರ ಹಲ್ಲು ಕೇಳ್ಕಂಡ್ ಬಂದೆಯಕ್ಕಾ?” ಎಂದು ಬಿದ್ದು ಬಿದ್ದು ನಕ್ಕರು. ಅಂದಿನಿಂದ ಅಜ್ಜಿ ಸೆರಗನ್ನು ಬಾಯಿಂದ ತೆಗೆದಿಲ್ಲ. ಸೋಮವಾರ ಮೊಮ್ಮಗಳ ಧಾರೆ. ಹಸೆಗೆ ಕರೆಯುವ ಸೋಬಾನೆಯನ್ನು ಎತ್ತಿಕೊಡಬೇಕಾದವರು ಆಕೆಯೇ. ಮೊನ್ನೆ ಆ ಹಲ್ಲು ಹಿಡಿದು ಮತ್ತೆ ಸಾಬರ ಜಗಲಿಗೆ ಬಂದಿದ್ದರು.

“ಮುದ್ದೆ ನುಂಗಾಕೆ ಹಲ್ಲ್ಯಾಕೆ ಸಾಬ್ರೇ? ಪದ ಹೇಳಾಕೆ ಬೇಕು ಕಣಪ್ಪಾ. ಬೀಗರ ಮುಂದೆ ಸೆರಗಿನೊಳಗೆ ಗೊಣಗ್ಲಾ?”

“ಮೊದ್ಲು ಹೆಂಗಿದ್ವಮ್ಮಾ ನಿಮ್ಮ ಹಲ್ಲು?”

“ಎಲೆಅಡಿಕೆ ಜಗಿಯೋಳ ಹಲ್ಲು ಹೆಂಗಿರ್ತವೆ? ಕೆಂಪ್ಗೆ. ಮುಂದೆ ಒಂದು ಸಂದು. ನಮ್ಮ ಯಜಮಾನ್ರು ಅದನ್ನ ನೋಡೇ ಒಪ್ಪಿದ್ದು!”

ಇದನ್ನು ಮೊದಲೇ ಕೇಳಬೇಕಿತ್ತೆಂದು ಸಾಬರು ಹಣೆ ಬಡಿದುಕೊಂಡರು. ಈ ಸಲ ಹಲ್ಲು ಮಾಡುವ ಬಿಳಿ ಪುಡಿಗೆ ಚಿಟಿಕೆ ಕಾವಿ ಬಣ್ಣ ಬೆರೆಸಿದ್ದಾರೆ. ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬಿಟ್ಟಿದ್ದಾರೆ.

ಅಚ್ಚು ಆರಿದೆ. ಅಚ್ಚಿನ ಗಾರೆ ಒಡೆದು, ಅರದಿಂದ ಉಜ್ಜಿ, ಹೊಳಪು ಕೊಡುವಷ್ಟರಲ್ಲಿ ಕರಿಬಸಮ್ಮ ಬಸ್ಸಿಳಿದು ಬಂದಿದ್ದಾರೆ. ಹಲ್ಲು ಕೂರಿಸಿಕೊಂಡು, ಸಾಬರು ಹಿಡಿದ ಕನ್ನಡಿಯನ್ನು ಪಕ್ಕಕ್ಕೆ ತಳ್ಳಿ, ಗೋಡೆಯ ಕಡೆ ತಿರುಗಿ ಸೋಬಾನೆಯ ಒಂದು ನುಡಿ ಎತ್ತುತ್ತಾರೆ. ಎರಡನೆಯ ನುಡಿಗೆ ಬೀದಿಯ ಕಡೆ ತಿರುಗಿದ್ದಾರೆ. ಸೆರಗು ಹೆಗಲ ಮೇಲಿದೆ. ಅಡುಗೆಮನೆಯಿಂದ ಗೌಹರ್ ಸೊಲ್ಲು ಸೇರಿಸುತ್ತಾರೆ.

“ಮದ್ವೆಗೆ ಬರ್ಲೇಬೇಕು ಸಾಬ್ರೇ. ಇವ್ರೇ ಮಾಡಿದ್ದು ಅಂತ ಎಲ್ಲರಿಗೂ ತೋರುಸ್ತೀನಿ.”

ಸಾಬರು ಗಾರೆ ಮೆತ್ತಿದ ಕೈ ಜೋಡಿಸುತ್ತಾರೆ. “ಊಟಕ್ಕೆ ಬತ್ತೀನಮ್ಮಾ. ತೋರುಸ್ಬೇಡಿ. ಅಲ್ಲಿ ಯಾರಾದ್ರೂ ನನ್ನ ಹೆಸ್ರು ಎತ್ತುದ್ರೆ, ಹಲ್ಲು ಸರೀಗಿಲ್ಲ ಅಂತಾನೇ ಅರ್ಥ.”