ದೇವಸಮುದ್ರದ ಹೊಲಕ್ಕೆ ವಿಮಾನ

ನಮ್ಮ ಯಜಮಾನರಿಗೆ ಅರವತ್ತು ತುಂಬುವ ಹೊತ್ತಿಗೆ ವಿಮಾನದ ಹುಚ್ಚು ಹಿಡಿಯಿತು. ಟಿಕೆಟ್ ತೆಗೆದುಕೊಂಡು ಹತ್ತುವ ವಿಮಾನವಲ್ಲ, ಸ್ವಂತದ್ದು. ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ಎಣ್ಣೆ ಮಿಲ್ಲು. ಲಾರಿ, ಕಾರು, ಟ್ರ್ಯಾಕ್ಟರು ಎಲ್ಲವನ್ನೂ ಅವರು ಯಾರನ್ನೂ ಕೇಳದೆ ತಂದು ಬಾಗಿಲ ಮುಂದೆ ನಿಲ್ಲಿಸಿದವರೇ. ನನ್ನ ಪಾಲಿಗೆ ಬರುತ್ತಿದ್ದದ್ದು ಆರತಿ ತಟ್ಟೆ ಮಾತ್ರ.

ಈ ಸಲ ಆರತಿ ತಟ್ಟೆಗೆ ಮುಗಿಯುವಂತಿರಲಿಲ್ಲ. ವಿಮಾನ ಇಳಿಸಲು ಅವರು ಗೊತ್ತು ಮಾಡಿದ್ದು ದೇವಸಮುದ್ರದ ನನ್ನ ಹೊಲವನ್ನು. ಅಪ್ಪ ನನ್ನ ಹೆಸರಿಗೆ ಮಾಡಿಕೊಟ್ಟದ್ದು ಅದು. ಬಿತ್ತುವಾಗಲೂ ಶೇಂಗಾ ಕೀಳುವಾಗಲೂ ಇವತ್ತಿಗೂ ನಾನೇ ಬಸ್ಸು ಹತ್ತಿ ಹೋಗಿ ಬದುವಿನ ಮೇಲೆ ನಿಲ್ಲುತ್ತೇನೆ. ನನ್ನದು ಅಂತ ಹೇಳಿಕೊಳ್ಳಲು ಇರುವುದು ಅದೊಂದೇ.

"ಉದ್ದಕೈತೆ, ಸಪಾಟಾಗೈತೆ. ಇನ್ನೇನು ಬೇಕು?" ಎಂದರು.

"ಓಡ್ಸೋರು ಯಾರ್ರೀ?"

"ನಾನೇ ಕಲೀತೀನಿ."

ಕಾರನ್ನು ಹಿಂದಕ್ಕೆ ತೆಗೆಯುವಾಗಲೆಲ್ಲ ಕಾಂಪೌಂಡಿಗೆ ಗುದ್ದುವ ಮನುಷ್ಯ! ಆಕಾಶದಲ್ಲಿ ಕಾಂಪೌಂಡ್ ಇಲ್ಲವಲ್ಲ ಅಂತ ನಾನೇ ಸಮಾಧಾನ ಮಾಡಿಕೊಂಡೆ.

ಬೇಸಿಗೆಯಲ್ಲಿ ಹಳೇ ವಿಮಾನ ಕೊಡಿಸುವ ದಲ್ಲಾಳಿಯೊಬ್ಬರು ಬೆಂಗಳೂರಿನಿಂದ ಜಾಗ ನೋಡಲು ಬಂದರು. ನಾನೂ ಹಟ ಹಿಡಿದು ಕಾರು ಹತ್ತಿದೆ. ಹೋಗಿ ನೋಡಿದರೆ ಹೊಲದ ತುಂಬಾ ಕುರಿ! ಕುರಿ ತುಳಿದರೆ ನೆಲ ಗಟ್ಟಿಯಾಗುತ್ತದೆ, ರೋಲರ್ ತರಿಸುವುದು ತಪ್ಪುತ್ತದೆ ಅಂತ ನಮ್ಮವರೇ ಮಂದೆ ಹಾಕಿಸಿದ್ದರು. ಕುರಿ ಕಾಯುವ ಅಜ್ಜ ಕಂಬಳಿ ಕೊಡವಿ ಎದ್ದು ನಿಂತ.

"ಗೊಬ್ರ ಇಮಾನಕ್ಕಾ, ಸಾವ್ಕಾರ್ರೇ?"

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ದಲ್ಲಾಳಿ ಹೊಳೆಯುವ ಬೂಟಿನಲ್ಲಿ ಹಿಕ್ಕೆ ತುಳಿಯುತ್ತಲೇ ಹೊಲ ಸುತ್ತಿದರು. ಪಾಪ, ಒಳ್ಳೆಯ ಮನುಷ್ಯ. ಮಾರಿದರೆ ಸಾಕು ಅನ್ನುವ ಜಾತಿಯವರಲ್ಲ. ಎಷ್ಟು ಕಿಲೋಮೀಟರ್ ಓಡಿದೆ ಅಂತ ನಮ್ಮವರು ಕೇಳಿದರೆ, "ವಿಮಾನಕ್ಕೆ ಅದನ್ನ ಕೇಳಬಾರದು ಸರ್, ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ಕೇಳಬೇಕು" ಎಂದರು. ಕಣ್ಣು, ಕಿವಿ, ಎದೆ ಎಲ್ಲ ಡಾಕ್ಟರು ಪರೀಕ್ಷೆ ಮಾಡಿ ಒಪ್ಪಿದರೆ ಮಾತ್ರ ಲೈಸೆನ್ಸಂತೆ. ನಿಲ್ಲಿಸಲು ಶೆಡ್ ಬೇಕು. ಹಾರಲಿ ಬಿಡಲಿ, ಕಾಲಕಾಲಕ್ಕೆ ಮೆಕ್ಯಾನಿಕ್ಕು ಬಿಚ್ಚಿ ನೋಡಲೇಬೇಕು. ಅತ್ತ ಜಟಿಂಗ ರಾಮೇಶ್ವರದ ಗುಡ್ಡ, ಇತ್ತ ಕರೆಂಟ್ ಕಂಬ, ಎರಡನ್ನೂ ತಪ್ಪಿಸಿ ಇಳಿಯಬೇಕು. ಅದಕ್ಕೂ ಮೊದಲು ಸರ್ಕಾರ ಒಪ್ಪಬೇಕು.

"ಎಲ್ಲಾ ಮಾಡ್ಸೋಣ್ರಿ" ಎನ್ನುತ್ತಲೇ ಇದ್ದರು ನಮ್ಮವರು. ಅವರು ಒಂದೊಂದಕ್ಕೂ ತಲೆಯಾಡಿಸಿದಂತೆ ನನ್ನ ನಗು ಎಲ್ಲೋ ಹೋಯಿತು.

ಕೊನೆಗೆ ದಲ್ಲಾಳಿ ಕೇಳಿದರು, "ಇಲ್ಲಿ ಏನು ಬೆಳೀತೀರಿ?"

"ಶೇಂಗಾ. ಮಳೆಗಾಲಕ್ಕೆ ಶೇಂಗಾ, ಬ್ಯಾಸಿಗೇಲಿ ವಿಮಾನ. ಎರಡೂ ಆಗ್ತೈತೆ!"

ದಲ್ಲಾಳಿ ನಗಲಿಲ್ಲ. "ಆಗಲ್ಲ ಸರ್. ಜಲ್ಲಿ ಹಾಕಿ, ಅದುಮಿ, ಗಟ್ಟಿ ಮಾಡಬೇಕು. ಆಮೇಲೆ ಇಲ್ಲಿ ಯಾವತ್ತೂ ಏನೂ ಬೆಳೆಯಲ್ಲ."

ನಮ್ಮವರ ತಲೆಯಾಟ ನಿಂತಿತು. ಇಷ್ಟು ದಿನ ಈ ಮನುಷ್ಯ ವಿಮಾನ ಬಂದರೂ ಹೊಲ ಹೊಲವಾಗಿಯೇ ಇರುತ್ತದೆ ಅಂದುಕೊಂಡಿದ್ದರು ಅಂತ ನನಗೆ ಆಗ ಗೊತ್ತಾಯಿತು. ಬಗ್ಗಿ ಒಂದು ಮಣ್ಣಿನ ಹೆಂಟೆ ಎತ್ತಿಕೊಂಡು ಬೆರಳಲ್ಲಿ ಪುಡಿ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿನ್ನ ಹೊಲ. ನೀನೇನಂತೀಯಾ?"

 ಬೇಡ ಅನ್ನಲು ವಾರಗಟ್ಟಲೆ ಬೈಗುಳ ಜೋಡಿಸಿಕೊಂಡಿದ್ದೆ, ಒಂದೂ ನೆನಪಿಗೆ ಬರಲಿಲ್ಲ. ಲಾರಿ ಬಂದಾಗ ಕೇಳದ ಮಾತು, ಕಾರು ಬಂದಾಗ ಕೇಳದ ಮಾತು. ಕಣ್ಣಲ್ಲಿ ನೀರು ಬಂತು, ಧೂಳು ಬಿತ್ತು ಅಂತ ಒರೆಸಿಕೊಂಡೆ.

"ನೀವು ಎಲ್ಲಾದ್ರೂ ಹಾರ್ರಿ, ನಾ ಬ್ಯಾಡ ಅನ್ನಲ್ಲ. ಈ ಹೊಲ ಮಾತ್ರ ಬಿತ್ತೋದಕ್ಕಿರ್ಲಿ."

ಅವರು ಕೈಗೆ ಮೆತ್ತಿದ ಮಣ್ಣನ್ನು ಪಂಚೆಗೆ ಒರೆಸಿಕೊಂಡರು. ದಲ್ಲಾಳಿಯನ್ನು ಊಟಕ್ಕೆ ಕರೆದರು. ಕಾರಿನ ಬಾಗಿಲು ತೆಗೆಯುತ್ತಾ, ನನ್ನ ಮುಖ ನೋಡದೆ ಕೇಳಿದರು:

"ಹಂಗಾದ್ರೆ ಬಿತ್ತನೆ ಬೀಜ ಯಾವಾಗ ಸುಲಿಸ್ಲಿ?"