ಹಸ್ನಾ ಇಲೆಕ್ಟ್ರಾನಿಕ್ಸ್ ಹತ್ತಿರ

ಪುಂಜಾಲಕಟ್ಟೆಯ ಅಬ್ದುಲ್ಲನ ಅಂಗಡಿಯಲ್ಲಿ ಯಾವ ಸಾಮಾನಿಗೂ ಬೆಲೆಚೀಟಿ ಇರಲಿಲ್ಲ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ಗ್ರೈಂಡರು ಎಲ್ಲವೂ ಸುಮ್ಮನೆ ಕುಳಿತಿರುತ್ತಿದ್ದವು. ಬೆಲೆ ಇದ್ದದ್ದು ಅಬ್ದುಲ್ಲನ ಬಾಯಲ್ಲಿ. ಹೇಳುವ ಬೆಲೆ ಒಂದು, ಬಿಡುವ ಬೆಲೆ ಒಂದು, ನಡುವೆ ಅರ್ಧ ಗಂಟೆಯ ಮಾತು ಮತ್ತು ಒಂದು ಚಹಾ. ಹೇಳುವುದು ಯಾರಿಗೂ ಬಂದೀತು, ಬಿಡುವುದರಲ್ಲಿ ಅಬ್ದುಲ್ಲನದು ಎತ್ತಿದ ಕೈ. ಕಾರಣ ಹೇಳದೆ ಅವನು ಒಂದು ರೂಪಾಯಿಯನ್ನೂ ಬಿಟ್ಟವನಲ್ಲ. "ನಿಮ್ಮ ತಂದೆ ನನ್ನನ್ನು ಶಾಲೆಗೆ ಸೇರಿಸಿದವರು, ಹಾಗಾಗಿ ಬಿಡ್ತೇನೆ." "ಬೀಡಿ ಕಟ್ಟಿ ಕೂಡಿಸಿದ ಹಣ ಅಲ್ವಾ ಅಕ್ಕ, ಇದರಲ್ಲಿ ನನಗೆ ಲಾಭ ಬೇಡ." ಅತ್ತರಿನ ಪರಿಮಳ ಹೊತ್ತು ಗಲ್ಫಿನಿಂದ ಬಂದವನು ಕೇಳಿದರೆ ಮಾತ್ರ, "ನಿನಗೆ ಯಾಕೆ ಬಿಡಬೇಕು, ಕಾರಣ ನೀನೇ ಹೇಳು ನೋಡುವ" ಎಂದು ನಗುತ್ತಿದ್ದ. ಕಾರಣಗಳಲ್ಲಿ ಕೆಲವು ಸುಳ್ಳೂ ಇದ್ದವು ಅನ್ನಿ. ಆದರೆ ಸುಳ್ಳು ಹೇಳಬೇಕಾದರೂ ಎದುರಿಗಿರುವವರ ಮನೆಮಂದಿಯೆಲ್ಲ ಗೊತ್ತಿರಬೇಕಲ್ಲ!

ಮಗಳ ಹೆಸರಿಟ್ಟು 'ಹಸ್ನಾ ಇಲೆಕ್ಟ್ರಾನಿಕ್ಸ್' ಎಂದು ಅವನು ಬೋರ್ಡು ಹಾಕಿದ್ದು ತೊಂಬತ್ತನಾಲ್ಕರಲ್ಲಿ. ಬೋಣಿ ಮಾಡಿದವನು ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತಿದ್ದ ಮುಂಡಪ್ಪ. ಗದ್ದೆ ತೋಟ ಇದ್ದ ಮನೆಯವನು, ಗ್ರೈಂಡರು ಕೊಂಡ. ಮತ್ತೆರಡು ವರ್ಷಕ್ಕೆ ಟಿವಿ ಕೊಂಡಾಗ ಅಬ್ದುಲ್ಲ ತಾನೇ ಹಂಚಿನ ಮಾಡಿಗೆ ಹತ್ತಿ ಆಂಟೆನಾ ತಿರುಗಿಸಿದ. ಮುಂಡಪ್ಪನ ಮಗಳು ನಿಖಿತಾ, ಆಗಿನ್ನೂ ಲಂಗದ ಹುಡುಗಿ, ಕಿಟಕಿಯಿಂದ "ಬಂತು! ಬಂತು! ಅಯ್ಯೋ, ಹೋಯ್ತು!" ಎಂದು ಕೂಗುತ್ತಿದ್ದಳು. ಆ ಕೂಗನ್ನು ಅಬ್ದುಲ್ಲ ಎಷ್ಟೋ ಸಲ ನೆನೆಸಿಕೊಂಡು ನಗುತ್ತಿದ್ದ.

ಎರಡು ಸಾವಿರದ ಎಂಟರಲ್ಲಿ ರಸ್ತೆಯ ಆಚೆ ಬದಿಯಲ್ಲಿ ಊರಿನದೇ ಹುಡುಗ ಫಯಾಝ್ ಒಂದು ಸೈಬರ್ ಕೆಫೆ ತೆರೆದ. ಮೊದಲು ಬಂದವರು ಪರೀಕ್ಷೆಯ ಫಲಿತಾಂಶ ನೋಡುವವರು, ಆಮೇಲೆ ಬಂದವರು ಸಾಮಾನು ಕೊಳ್ಳುವವರು. ಹಣ ಕೈಗೆ ಕೊಟ್ಟರೆ ಸಾಕು, ಫಯಾಝ್ ತನ್ನ ಬ್ಯಾಂಕ್ ಕಾರ್ಡಿನಿಂದ ಕಂಪ್ಯೂಟರಿನಲ್ಲೇ ಕೊಂಡುಬಿಡುತ್ತಿದ್ದ. ಯಾವುದೋ ಕಂಪೆನಿಯ ಕೂಪನ್ ಕೋಡ್ ಹುಡುಕಿ ಒತ್ತಿದರೆ ಬೆಲೆ ತಟ್ಟನೆ ಇಳಿಯುತ್ತಿತ್ತು. ಅಬ್ದುಲ್ಲ ಒಂದು ದಿನ ಕುತೂಹಲ ತಡೆಯದೆ ಹೋಗಿ ನೋಡಿದ.

"ಅವರು ಯಾಕೆ ಬಿಡ್ತಾರೆ ಫಯಾಝ್?"

"ಯಾಕೆ ಅಂತ ಇಲ್ಲ ಕಾಕ. ಕೋಡ್ ಹಾಕಿದ್ರೆ ಬಿಡ್ತದೆ."

"ಯಾರಿಗೆ ಅಂತ ಗೊತ್ತಿಲ್ಲದೆಯಾ?"

"ಗೊತ್ತಾಗಿ ಅವರಿಗೇನು ಆಗ್ಬೇಕು?"



ಅಲ್ಲಿಂದ ಊರಿನವರಿಗೆ ಹೊಸ ಚಾಳಿ ಹತ್ತಿತು. ಅಬ್ದುಲ್ಲನ ಅಂಗಡಿಗೆ ಬರುವುದು, ಮಿಕ್ಸಿ ತಿರುಗಿಸಿ ನೋಡುವುದು, ಯಾವುದು ಬಾಳಿಕೆ ಬರುತ್ತದೆ ಎಂದು ಕೇಳುವುದು, ಚಹಾ ಕುಡಿಯುವುದು, ರಸ್ತೆ ದಾಟುವುದು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಈ ಊರಿನ ಮನೆಗಳಿಗೆ ನಂಬರಿಲ್ಲ. ಗುಡ್ಡದ ಮೇಲೊಂದು, ತೋಡಿನ ಆಚೆಗೊಂದು. ಕಂಪ್ಯೂಟರು ವಿಳಾಸ ಕೇಳಿದಾಗಲೆಲ್ಲ ಫಯಾಝ್ ಎಲ್ಲರಿಗೂ ಒಂದೇ ಗುರುತು ಬರೆದ: ಹಸ್ನಾ ಇಲೆಕ್ಟ್ರಾನಿಕ್ಸ್ ಹತ್ತಿರ. ಬಿ.ಸಿ.ರೋಡಿನಿಂದ ಬೈಕಿನಲ್ಲಿ ಬರುವ ಕೊರಿಯರಿನವನಿಗೆ ಗುಡ್ಡ ಹತ್ತುವ ಉಮೇದು ಎಲ್ಲಿಯದು? ಎಲ್ಲವನ್ನೂ ತಂದು ಅಬ್ದುಲ್ಲನ ಮೇಜಿನ ಮೇಲೆ ಸುರಿದ. ಅಬ್ದುಲ್ಲ ಸಹಿ ಹಾಕಿದ, ಮನೆಮನೆಗೆ ಫೋನು ಮಾಡಿದ. ತನ್ನ ಅಂಗಡಿಯ ಕುತ್ತಿಗೆ ಹಿಸುಕುವ ಪೆಟ್ಟಿಗೆಗಳನ್ನು ತಾನೇ ಧೂಳು ಒರೆಸಿ ಇಟ್ಟ.

"ಹಿಂದೆ ಕಳಿಸಿ ಅದನ್ನೆಲ್ಲ, ನಿಮಗೆ ಮಾನ ಮರ್ಯಾದೆ ಇಲ್ವಾ?" ಎಂದು ಹೆಂಡತಿ ಐಸಮ್ಮ ರೇಗಿದಳು.

"ಬಾಗಿಲಿಗೆ ಬಂದದ್ದನ್ನು ಹೇಗೆ ಕಳಿಸುವುದು? ನಾಳೆ ಅವರ ಮುಖ ನೋಡ್ಲಿಕ್ಕೆ ಉಂಟಲ್ಲ."

ಹಾಳು ದಾಕ್ಷಿಣ್ಯ. ಅವನನ್ನು ತಿಂದು ಹಾಕಿದ್ದು ಅದೇ.

ಮರುವರ್ಷ ನಿಖಿತಾಳ ಮದುವೆ ನಿಶ್ಚಯವಾಯಿತು. ಅಂಗಡಿ ಮುಚ್ಚುವ ಎಂದು ಐಸಮ್ಮ ದಿನವೂ ಹೇಳುತ್ತಿದ್ದ ಕಾಲ. ಮುಂಡಪ್ಪನ ಮನೆಯ ಮದುವೆ ಸಾಮಾನು ಒಂದು ಹೋದರೆ ವರ್ಷ ದಾಟಬಹುದು, ಅಷ್ಟರಲ್ಲಿ ಜನರ ಹುಚ್ಚು ಇಳಿಯುತ್ತದೆ ಎಂದು ಅಬ್ದುಲ್ಲ ಕಾದು ಕುಳಿತಿದ್ದ. ಮುಂಡಪ್ಪ ಬಂದ. ಮಧ್ಯಾಹ್ನವಿಡೀ ಕುಳಿತ. ಅಬ್ದುಲ್ಲ ಒಂದನ್ನೂ ಮುಚ್ಚಿಡದೆ ಹೇಳಿದ: ಈ ಮಿಕ್ಸಿ ನೋಡಲು ಚಂದ, ತೆಂಗಿನಕಾಯಿ ಮಸಾಲೆ ಅರೆದರೆ ಮೋಟಾರು ಸುಡುತ್ತದೆ, ಅದು ಬೇಡ, ಇದು ತೆಗೆದುಕೋ. ಮುಂಡಪ್ಪ ಎಲ್ಲದಕ್ಕೂ ತಲೆಯಾಡಿಸಿದ. "ಆಯ್ತು, ಹಾಗೇ ಮಾಡುವ" ಎಂದು ಎದ್ದ.

ಬೆಲೆ ಕೇಳಲಿಲ್ಲ. ಚೌಕಾಸಿ ಮಾಡಲಿಲ್ಲ. ಹದಿನೈದು ವರ್ಷ ವ್ಯಾಪಾರ ಮಾಡಿದ ಅಬ್ದುಲ್ಲನಿಗೆ ಅಲ್ಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ. ಗೆಳೆಯನಿಗೆ ತನ್ನ ಮೇಲೆ ಎಷ್ಟು ನಂಬಿಕೆ ಎಂದು ಎದೆಯುಬ್ಬಿಸಿಕೊಂಡು ಮಂಗಳೂರಿಗೆ ಹೋಗಿ, ಹೇಳಿದ ಸಾಮಾನನ್ನೆಲ್ಲ ತಂದು ಹಿಂದಿನ ಕೋಣೆಯಲ್ಲಿ ಬಟ್ಟೆ ಮುಚ್ಚಿ ಇಟ್ಟ. ಎಷ್ಟು ಬಿಡಬೇಕು ಎಂಬುದನ್ನೂ ನಿಶ್ಚಯಿಸಿದ್ದ. ಕಾರಣವೂ ಸಿದ್ಧವಿತ್ತು: ಅಂದು ಕಿಟಕಿಯಲ್ಲಿ ನಿಂತು "ಬಂತು ಬಂತು" ಎಂದ ಹುಡುಗಿಗೆ ಇದು.

ಮುಂದಿನ ವಾರ ಕೊರಿಯರಿನವನು ನಾಲ್ಕು ಪೆಟ್ಟಿಗೆ ಇಳಿಸಿದ. ಮೇಲೆ ಮುಂಡಪ್ಪನ ಹೆಸರು. ಮಿಕ್ಸಿ ಅದೇ, ಅಬ್ದುಲ್ಲ ಹೇಳಿದ್ದೇ. ಇಸ್ತ್ರಿಪೆಟ್ಟಿಗೆಯೂ ಅದೇ. ಅಬ್ದುಲ್ಲ ಸಹಿ ಹಾಕಿದ. ನಾಲ್ಕನ್ನೂ ಧೂಳು ಒರೆಸಿ ಇಟ್ಟ.

ಸಂಜೆಗೆ ಮುಂಡಪ್ಪ ಜೀಪು ತಂದ.

"ಬಂತಲ್ಲ! ಮೂವತ್ತು ಪರ್ಸೆಂಟಿನ ಕೂಪನ್ ಸಿಕ್ಕಿತು ಮಾರಾಯ. ನೀನು ಅಷ್ಟು ಬಿಡ್ತಿದ್ದಿಯಾ?"

"ನೀನು ಕೇಳ್ಲೇ ಇಲ್ಲವಲ್ಲ."

"ಕೇಳಿದ್ರೆ ನಿನಗೆ ಕಷ್ಟ, ನೀನು ಇಲ್ಲ ಅಂದ್ರೆ ನನಗೆ ಬೇಜಾರು. ಇದರಲ್ಲಿ ಆ ದಾಕ್ಷಿಣ್ಯವೇ ಇಲ್ಲ ನೋಡು." ಸ್ಟೂಲು ಎಳೆದು ಕುಳಿತ. "ಒಮ್ಮೆ ಪ್ಲಗ್ ಹಾಕಿ ನೋಡುವನಾ? ನಿನ್ನ ಕೈಯಲ್ಲಿ ಆದ್ರೆ ಧೈರ್ಯ."

ಅಬ್ದುಲ್ಲ ಪ್ಲಗ್ ಹಾಕಿದ. ಮಿಕ್ಸಿ ಚೆನ್ನಾಗಿಯೇ ತಿರುಗಿತು. ಗೋಡೆಯ ಆಚೆ ಅದರ ಜೊತೆಯದು ಬಟ್ಟೆ ಹೊದ್ದು ಕುಳಿತಿತ್ತು.

ಮದುವೆ ಕಳೆದು ಹದಿನೈದು ದಿನಕ್ಕೆ ಮಂಗಳೂರಿನ ಸಗಟು ವ್ಯಾಪಾರಿಗಳು ಅಂಗಡಿಯಲ್ಲಿ ಉಳಿದ ಸಾಮಾನನ್ನು ಬಾಯಿಗೆ ಬಂದ ಬೆಲೆಗೆ ತುಂಬಿಕೊಂಡು ಹೋದರು. ಶಟರು ಎಳೆದು, ಏಣಿ ಇಟ್ಟು, ಅಬ್ದುಲ್ಲ ಬೋರ್ಡು ಬಿಚ್ಚಲು ಹತ್ತಿದ. ಅಂಗಡಿ ಮುಚ್ಚುವ ಸುದ್ದಿ ವಾರದಿಂದ ಊರಿಗೆಲ್ಲ ಗೊತ್ತಿತ್ತು, ಒಬ್ಬನೂ ಬಂದು ಯಾಕೆ ಎಂದು ಕೇಳಿರಲಿಲ್ಲ. ಎರಡನೆಯ ಬೋಲ್ಟು ತಿರುಗಿಸುತ್ತಿದ್ದಾಗ ರಸ್ತೆಯಾಚೆಯಿಂದ ಮುಂಡಪ್ಪ ಕೈ ಬೀಸುತ್ತಾ ಓಡಿ ಬಂದ.

"ಏಯ್ ಅಬ್ದುಲ್ಲ! ನಿಲ್ಲು, ನಿಲ್ಲು ಮಾರಾಯ! ತೆಗೆಯಬೇಡ!"

ಅಬ್ದುಲ್ಲನ ಕಣ್ಣು ತುಂಬಿತು. ಎಷ್ಟೆಂದರೂ ಒಂದೇ ಬೆಂಚಿನವನಲ್ಲವೇ, ಕೊನೆಗೆ ಇವನಾದರೂ ಬಂದನಲ್ಲ ಎಂದುಕೊಂಡ.

ಮುಂಡಪ್ಪ ಏಣಿ ಹಿಡಿದು ಏದುಸಿರು ಬಿಟ್ಟ. "ನಿಖಿತಾನ ಓವನ್ ಇನ್ನು ಬರ್ಲಿಕ್ಕೆ ಉಂಟು. ಬೋರ್ಡ್ ಇಲ್ಲದಿದ್ರೆ ಆ ಕೊರಿಯರಿನವ ಎಲ್ಲಿಗೆ ತರುವುದು?"

ಅಬ್ದುಲ್ಲ ಅರ್ಧ ಬಿಚ್ಚಿದ್ದ ಬೋಲ್ಟನ್ನು ಮತ್ತೆ ಬಿಗಿ ಮಾಡಿ ಏಣಿ ಇಳಿದ.

"ಯಾವಾಗ ಬರ್ತದೆ?" ಎಂದು ಕೇಳಿದ.